ಲೆಮ್‌ಗಾಗಿ ಬಿಟ್ಟ ಜಾಗ

ಬಾಲ್ಟಿಮೋರ್
ಗುರುವಾರ, ಮೇ 11, 1989

ಪ್ರೀತಿಯ ಲೆಮ್ ಅಣ್ಣಾ,

ನಿನ್ನ ಮಂಡಿನೋವು ಹೇಗಿದೆ? ದಿನವಿಡೀ ಬಸ್ಸು ಓಡಿಸಿ ಬಂದರೂ ನೀನು ಕಾಲು ಚಾಚಿ ಕೂರುವುದಿಲ್ಲವೆಂದು ಅತ್ತಿಗೆ ಬರ್ನೈಸ್ ದೂರುತ್ತಿದ್ದಳು. ಅವಳ ಮಾತು ಸ್ವಲ್ಪ ಕೇಳು. ನಾನು ಚೆನ್ನಾಗಿದ್ದೇನೆ. ಏಡಿಯ ಕಾಲ ಶುರುವಾಗಿದೆ. ಖಾರ ಹಾಕಿ ಬೇಯಿಸಿದಾಗಲೆಲ್ಲ ನಿನ್ನ ನೆನಪು. ಫೋನಿನಲ್ಲಿ ನಿನ್ನ ಹಳೆಯ ಹಾಡಿನ ಜೊತೆಗಾರ ಹೊರೇಸ್‌ನ ಹೆಸರೆತ್ತಿದರೆ ಸಾಕು, ನೀನು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಹರಿಯದೆ ಪೂರ್ತಿ ಓದು.

ಕಳೆದ ಶನಿವಾರ ಪಕ್ಕದ ಮನೆಯ ಲವಿನಿಯಾಳ ಮದುವೆಯಿತ್ತು. ಅವಳಿಗೆ ಕುಣಿಯಲು ನಿಮ್ಮ 'ಒಲೀಟಾ' ಹಾಡೇ ಬೇಕಂತೆ. ಅವಳ ಅಮ್ಮ, ಅಜ್ಜಿ ಇಬ್ಬರೂ ಅದಕ್ಕೇ ಕುಣಿದಿದ್ದರು. ಎಲ್ಲರೂ ಅದನ್ನು ಪ್ರೇಮಗೀತೆ ಎಂದುಕೊಂಡಿದ್ದಾರೆ. ನಾನು ನಕ್ಕೆ. ಒಂಬತ್ತು ವರ್ಷದ ನಾನು ಜ್ವರದಿಂದ ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಾಗ, ಮನೆಮುಂದಿನ ಬಿಳಿ ಮೆಟ್ಟಿಲ ಮೇಲೆ ನಿಂತು ನೀವು ನಾಲ್ವರು ನನಗಾಗಿ ಕಟ್ಟಿದ ಹಾಡೆಂದು ಅವರಿಗೇನು ಗೊತ್ತು? ವಾದ್ಯವಿರಲಿಲ್ಲವಲ್ಲ, ನಿನ್ನ 'ದೂಂ ದೂಂ' ದನಿಯೇ ತಂತಿ, ಅದೇ ಡೋಲು. ಅಮ್ಮ ಕಿಟಕಿಯಿಂದ, "ಲೇ, ಮಗು ಈಗಷ್ಟೇ ಕಣ್ಣು ಮುಚ್ಚಿದೆ, ಹೋಗ್ರೋ ಆಚೆ!" ಎಂದು ಕೂಗಿದರೆ, ಹೊರೇಸ್ ತನ್ನ ಸಣ್ಣ ದನಿಯನ್ನು ಇನ್ನೂ ತಗ್ಗಿಸಿ ಹಾಡುತ್ತಿದ್ದ. ಮರುವರ್ಷ ಅದೇ ಹಾಡು ಊರೂರಿನ ರೇಡಿಯೋದಲ್ಲಿ!

ಮತ್ತೆ ದಕ್ಷಿಣದ ಆ ಸಭಾಂಗಣ. ನಡುವೆ ಹಗ್ಗ ಕಟ್ಟಿ ಬಿಳಿಯರನ್ನು ಒಂದು ಕಡೆ, ನಮ್ಮ ಕಪ್ಪು ಜನರನ್ನು ಇನ್ನೊಂದು ಕಡೆ ಕೂರಿಸಿ, ಬಿಳಿಯರ ಕಡೆಗೇ ಮುಖಮಾಡಿ ಹಾಡಿ ಎಂದಿದ್ದರು. "ಇದೊಂದು ಸಲ ನುಂಗ್ಕೊಳೋ ಲೆಮ್," ಎಂದನಂತೆ ಹೊರೇಸ್. "ನಮ್ಮವರಿಗೆ ಬೆನ್ನು ತೋರ್ಸಿ ನಾನು ಹಾಡಲ್ಲ," ಎಂದು ವೇದಿಕೆ ಇಳಿದು ಡೆಟ್ರಾಯಿಟ್‌ಗೆ ಹೋದವನು ನೀನು, ಮೂವತ್ತೆರಡು ವರ್ಷವಾಯಿತು. ಅಮ್ಮನನ್ನು ಮಣ್ಣು ಮಾಡಿದ ದಿನವೂ ಅವನು ಚಾಚಿದ ಕೈ ಹಿಡಿಯಲಿಲ್ಲ. ನಾನು ನಿನ್ನ ಪಕ್ಷವೇ, ಈಗಲೂ.

ಆದರೆ ಕೇಳು. ಶನಿವಾರ ಲವಿನಿಯಾ ಕಾಡಿದಳೆಂದು ಹೊರೇಸ್ ಎದ್ದು ಹಾಡಿದ. ನಿನ್ನ ದನಿ ಬರಬೇಕಾದಲ್ಲಿ ಸುಮ್ಮನೆ ನಿಂತ. ನೀನು ಹೋದಾಗಿನಿಂದ ಆ ಜಾಗವನ್ನು ಯಾರಿಗೂ ಕೊಟ್ಟಿಲ್ಲವಂತೆ. ಆಮೇಲೆ ಅಜ್ಜಿಯಂದಿರು, ಮದುಮಗ, ಬಡಿಸುತ್ತಿದ್ದವರು, ಇಡೀ ಸಭೆಯೇ 'ದೂಂ ದೂಂ' ಎಂದಿತು, ಒಂದು ಸ್ವರವೂ ತಪ್ಪದೆ. ನಿನ್ನ ಹೆಸರು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅಣ್ಣಾ. ಹೊರೇಸ್ ಕುರ್ಚಿ ಹಿಡಿದು ಕುಳಿತುಬಿಟ್ಟ. "ಅವನೇ ಸರಿ, ಒಲೀಟಾ. ಅವತ್ತು ನಾನೂ ಇಳೀಬೇಕಿತ್ತು," ಎಂದ.

ಅತ್ತಿಗೆಗೆ ನನ್ನ ನೆನಪು ಹೇಳು, ಮಕ್ಕಳಿಗೆ ಮುತ್ತು. ದೇವರು ನಿಮ್ಮೆಲ್ಲರ ಮೇಲೆ ಕಣ್ಣಿಟ್ಟಿರಲಿ.

ನಿನ್ನ ತಂಗಿ,
ಒಲೀಟಾ

ತಾ.ಕ.: ಬರೆಯಬಾರದೆಂದು ಆಣೆ ಹಾಕಿಸಿದ್ದಾನೆ, ಮುರಿಯುತ್ತಿದ್ದೇನೆ. ಹೊರೇಸ್‌ಗೆ ಗಂಟಲಲ್ಲಿ ಗಡ್ಡೆ. ಇದೇ 23, ಮಂಗಳವಾರ, ಆಪರೇಷನ್, ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಆಮೇಲೆ ಅವನು ಹಾಡುವುದಿರಲಿ, ನಿನ್ನ ಹೆಸರನ್ನೂ ಕರೆಯಲಾರ. ಅಷ್ಟರೊಳಗೆ ಬಾ.