ಹಗ್ಗದ ತುದಿಗೊಂದು ಗಂಟು

ಪುತ್ತಿಗೆ,
೧೬ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಬ್ರಯನ್,

ಪೊಸಡಿಗುಂಪೆ ಗುಡ್ಡವನ್ನು ಹಿಮ್ಮುಖವಾಗಿ, ಹೆಗಲ ಮೇಲೆ ಅಕ್ಕಿಮೂಟೆ ಹೊತ್ತು, ಒಮ್ಮೆಯೂ ತಿರುಗಿ ನೋಡದೆ ಹತ್ತಿದ ಏಕೈಕ ಮನುಷ್ಯ ನಿನ್ನ ಚಿಕ್ಕಪ್ಪ ಈ ಕ್ಲೆಟಸ್ ಬಾಪ್ಪು ಎಂಬುದನ್ನು ನೀನು ಮಸ್ಕತ್ತಿನಲ್ಲಿ ಎಲ್ಲರಿಗೂ ಹೇಳಿರುತ್ತೀ ಎಂದು ನಂಬಿದ್ದೇನೆ. ಆರೋಗ್ಯ ಹೇಗಿದೆ? ಆ ಕೆಮ್ಮು ಹೋಯಿತೇ? ಏಸಿ ಗಾಳಿಗೆ ಎದೆಯೊಡ್ಡಿ ಮಲಗಬೇಡ. ಫೋನಿನ ಕಾಲದಲ್ಲಿ ಕಾಗದ ಯಾಕೆ ಎಂದು ನಗಲೂ ಬೇಡ. ಫೋನು ಹಿಡಿದರೆ ಪಕ್ಕದಲ್ಲಿ ನಿನ್ನ ಅಮ್ಮ ಕಿವಿಕೊಟ್ಟು ನಿಂತಿರುತ್ತಾರೆ. ನೆರೆಮನೆಯ ಹರಿನಾಥ ರಜೆ ಮುಗಿಸಿ ಇವತ್ತು ಮಸ್ಕತ್ತಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ.

ನಿನ್ನ ತಂಗಿ ಸ್ಯಾಂಡ್ರಾ ಗಂಜಿ ಕುಡಿಯುತ್ತಾಳೆ, ಒಣಮೀನಿನ ಚಟ್ನಿ ಬೇಕೆಂದು ಹಟ ಮಾಡುತ್ತಾಳೆ. ಆದ್ದರಿಂದ ಜೀವಕ್ಕೆ ಭಯವಿಲ್ಲ. ಬಲಗಾಲಿನ ಹಿಮ್ಮಡಿಯ ಮೂಳೆ ಎರಡು ಕಡೆ ಒಡೆದಿದೆ. ತಲೆಗೆ ಪೆಟ್ಟಿಲ್ಲ, ಹೆಲ್ಮೆಟ್ಟು ಮಾತ್ರ ಹಿಂಬದಿಯಲ್ಲಿ ಸೀಳಿದೆ. ಡಾಕ್ಟರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಸೀಳಿನ ಮೇಲೆ ಬೆರಳಾಡಿಸಿ ನನ್ನ ಕೈಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಅವಳು ಬಿದ್ದು ಇವತ್ತಿಗೆ ಎಂಟು ದಿನವಾಯಿತು.

ಬೋವಿಕಾನದಾಚೆ, ಕಪ್ಪುಕಲ್ಲು ಕಡಿದು ಬಿಟ್ಟು ಈಗ ಹುಡುಗರು ಬಂಡೆ ಹತ್ತುವ ಹಳೆಯ ಕೋರೆಗೆ ಆ ದಿನ ನಾನೂ ಹೋಗಿದ್ದೆ. ಗೇರುಮರದ ಬುಡದಲ್ಲಿ ಕುಳಿತು ಹುಡುಗರಿಗೆ ನನ್ನ ಸಾಹಸಗಳನ್ನು ಹೇಳುತ್ತಿದ್ದೆ. ಸ್ಯಾಂಡ್ರಾ ನೀನು ಬಿಟ್ಟುಹೋದ ಹಗ್ಗ ಕಟ್ಟಿಕೊಂಡು ಇಪ್ಪತ್ತೈದು ಮೀಟರ್ ಹತ್ತಿದಳು. ಬಂಡೆಯ ತುದಿಗೆ ಹೊಡೆದ ಕಬ್ಬಿಣದ ಬಳೆಯಲ್ಲಿ ಹಗ್ಗ ತೂರಿಸಿ “ಇನ್ನು ಇಳಿಸು ಮಾರಾಯ” ಎಂದು ಕೂಗಿದಳು. ಕೆಳಗೆ ಸೊಂಟದ ಪಟ್ಟಿಗೆ ಹಗ್ಗ ಸಿಕ್ಕಿಸಿ ಹಿಡಿದಿದ್ದವನು ನಿನ್ನ ಗೆಳೆಯ ಉಜ್ವಲ್. ಹತ್ತುವಾಗ ಒಂದು ಪಾಲು ಹಗ್ಗ ಸಾಕು, ಇಳಿಸುವಾಗ ಹಗ್ಗ ಬಳೆಯವರೆಗೆ ಹೋಗಿ ಮರಳಿ ಬರುವುದರಿಂದ ಎರಡು ಪಾಲು ಬೇಕು ಎಂದು ನೀನೇ ನನಗೆ ಹೇಳಿಕೊಟ್ಟದ್ದು. ಅವನು ಮೆಲ್ಲಮೆಲ್ಲ ಬಿಡುತ್ತಿದ್ದ, ಅವಳು ನಗುತ್ತ ಬರುತ್ತಿದ್ದಳು. ನೆಲ ಇನ್ನೂ ಎರಡೂವರೆ ಆಳು ದೂರವಿದ್ದಾಗ ಹಗ್ಗದ ಬಾಲ ಅವನ ಕೈಯಿಂದ ಕಳಚಿ ಕೇರೆಹಾವಿನ ಹಾಗೆ ಮೇಲಕ್ಕೆ ಹಾರಿತು. ಅವಳು ಬಿದ್ದ ಸದ್ದನ್ನು ತೆಂಗಿನಕಾಯಿ ಬಿದ್ದ ಹಾಗೆ ಎಂದು ಬರೆಯಲು ಹೊರಟೆ. ಅಲ್ಲ ಮಗಾ, ಅದು ಯಾವುದರ ಹಾಗೂ ಇರಲಿಲ್ಲ. ಅವಳನ್ನು ಅಲುಗಾಡಿಸದೆ ಹಲಗೆಗೆ ಕಟ್ಟಿದ್ದು, ಜೀಪು ತರಿಸಿದ್ದು, ದಾರಿಯುದ್ದಕ್ಕೂ ತಲೆ ಹಿಡಿದು ಕುಳಿತದ್ದು ಎಲ್ಲ ಉಜ್ವಲ್.

ಆ ಹುಡುಗ ಮಾರನೆಯ ದಿನ ಮನೆಗೆ ಬಂದ. “ನಾನು ಕೈ ಬಿಡಲಿಲ್ಲ ಆಂಟಿ, ಹಗ್ಗವೇ ಮುಗಿಯಿತು” ಎಂದ. ನಿನ್ನ ಅಮ್ಮ, ಫ್ಲೋರಾ ಅತ್ತಿಗೆ, ಅವನನ್ನು ಮೆಟ್ಟಿಲು ಹತ್ತಲು ಬಿಡಲಿಲ್ಲ. “ಅರವತ್ತು ಮೀಟರ್ ಹಗ್ಗ ಎಲ್ಲಿಗೆ ಮುಗಿಯುವುದು? ಎಂತ, ಬಂಡೆ ತಿಂದಿತಾ?” ಎಂದರು. ನೀನೂ ಅವನಿಗೆ “ಇನ್ನು ನಿನ್ನ ಮುಖ ನೋಡುವುದಿಲ್ಲ” ಎಂದು ಮೆಸೇಜು ಹಾಕಿದ್ದೀಯಂತೆ. ಅವನು ಅದನ್ನು ನನಗೆ ತೋರಿಸಿದ. ಸಣ್ಣಂದಿನಿಂದ ಒಂದೇ ಬೆಂಚಿನಲ್ಲಿ ಕುಳಿತವರು ನೀವು. ಈಗ ಅವನು ಕೋರೆಯ ಕಡೆಗೇ ಹೋಗುವುದಿಲ್ಲ, ಹೊರಗೆ ಹೋದರೆ ಜನ ಅವನನ್ನು ‘ಹಗ್ಗ ಬಿಟ್ಟವ’ ಎನ್ನುತ್ತಾರೆ.

ಸ್ಯಾಂಡ್ರಾ ಮಾತ್ರ ಯಾರನ್ನೂ ಬೈಯುವುದಿಲ್ಲ. ಮಲಗಿದಲ್ಲೇ ಬೇರೆ ಬೇರೆ ದೇಶಗಳಲ್ಲಿ ಬಂಡೆಯಿಂದ ಬಿದ್ದವರ ವರದಿಗಳನ್ನು ಓದುತ್ತಾಳೆ. ಹಗ್ಗದ ಬಾಲಕ್ಕೆ ಗಂಟು ಹಾಕದೆ ಹೀಗೇ ಬಿದ್ದವರು ಎಷ್ಟೋ ಮಂದಿಯಂತೆ, ಅದರಲ್ಲಿ ಹೆಚ್ಚಿನವರು ಪಳಗಿದವರೇ ಅಂತೆ. ಗಂಟು ಇದ್ದಿದ್ದರೆ ಅದು ಉಜ್ವಲನ ಸೊಂಟದ ಪಟ್ಟಿಯ ಹಿಡಿಕೆಗೆ ಸಿಕ್ಕಿ ನಿಲ್ಲುತ್ತಿತ್ತು, ಅವಳು ಗಾಳಿಯಲ್ಲಿ ನೇತಾಡಿಕೊಂಡು ನಮ್ಮನ್ನು ಗೇಲಿ ಮಾಡುತ್ತಿದ್ದಳು. ನನಗೆ ನಾಚಿಕೆಯಾಯಿತು. ನಮ್ಮ ಬಾವಿಯ ಹಗ್ಗದ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟದೆ ಯಾರಾದರೂ ಕೊಡಪಾನ ಇಳಿಸುತ್ತಾರಾ? ಕೊಡಪಾನಕ್ಕೆ ತೋರಿಸುವ ಬುದ್ಧಿಯನ್ನು ಹುಡುಗಿಗೆ ತೋರಿಸಲು ಅಲ್ಲಿದ್ದ ಒಬ್ಬನಿಗೂ ಆಗಲಿಲ್ಲ. ಇನ್ನು ಮುಂದೆ ಹಗ್ಗ ಹಿಡಿಯುವವನು ಬಾಲದ ಗಂಟನ್ನು ಹತ್ತುವವರ ಕೈಯಲ್ಲಿ ಮುಟ್ಟಿಸಬೇಕು, ಬೇರೆಯವರ ಕೈಸೇರಿ ಬಂದ ಹಗ್ಗವನ್ನು ಅಳೆಯದೆ ಕಾಲು ನೆಲ ಬಿಡಬಾರದು ಎಂದು ಅವಳು ಹುಡುಗರಿಂದ ಮಾತು ತೆಗೆದುಕೊಂಡಿದ್ದಾಳೆ. ದಿನಾ ಬೆಳಿಗ್ಗೆ ನನ್ನಲ್ಲಿ ಕೇಳುತ್ತಾಳೆ: “ಬಾಪ್ಪು, ಆ ಹಗ್ಗ ಎಲ್ಲುಂಟು? ತನ್ನಿ, ಅಳೆಯುವ.” ನಾನು ಒಂದು ದಿನ ಒಗೆಯಲು ಹಾಕಿದ್ದೇನೆ ಎಂದೆ, ಇನ್ನೊಂದು ದಿನ ಇಲಿ ಹೊತ್ತುಕೊಂಡು ಹೋಯಿತು ಎಂದೆ. ಅದು ನನ್ನ ಮಂಚದ ಕೆಳಗೆ ಗೋಣಿಯಲ್ಲಿ ಉಂಟು.

ಬ್ರಯನ್, ಜೂನ್ ತಿಂಗಳಲ್ಲಿ ತೆಂಕು ಬದಿಯ ಹಲಸಿನ ಮರದಿಂದ ಒಂದು ಹಣ್ಣನ್ನೂ ಒಡೆಯದೆ ಇಳಿಸುತ್ತೇನೆ ಎಂದು ಹರಿನಾಥನ ಅಪ್ಪನ ಎದುರು ಜಂಬ ಕೊಚ್ಚಿಕೊಂಡಿದ್ದೆ. ನಿನ್ನ ಅಷ್ಟುದ್ದದ ಹಗ್ಗದಲ್ಲಿ ಸ್ವಲ್ಪ ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಬಾಲದ ಕಡೆಯಿಂದ ಒಂದೆರಡು ಮಾರು ಕತ್ತರಿಸಿದೆ. ತುದಿ ಬಿಚ್ಚಿಕೊಳ್ಳದ ಹಾಗೆ ಕಡ್ಡಿ ಗೀರಿ ಸುಟ್ಟೆ, ಅಂಗಡಿಯಿಂದ ಬಂದ ಹಾಗೆಯೇ ಕಂಡಿತು. ಆ ದಿನ ಕೋರೆಯಲ್ಲಿ ನನ್ನ ಕಣ್ಣೆದುರು ಮೇಲಕ್ಕೆ ಹಾರಿದ್ದು ಅದೇ ಸುಟ್ಟ ತುದಿ. ಬರೆದುಬಿಟ್ಟೆ. ನಿನಗೆ ಎಷ್ಟು ಬೈಯಬೇಕೆನಿಸುತ್ತದೋ ಅಷ್ಟು ಬೈ.

ನಿನ್ನ ಅಮ್ಮ ನೆನಪು ಹೇಳಿದ್ದಾರೆ, ಸ್ಯಾಂಡ್ರಾ ಚಾಕಲೇಟು ಹೇಳಿದ್ದಾಳೆ. ಮರಳುಗಾಡಿನಲ್ಲೂ ಬಂಡೆಗಳುಂಟಂತೆ, ಅಲ್ಲಿ ಹತ್ತುವಾಗ ಗಂಟು ನೋಡಿಕೋ. ಮಾತೆ ಮರಿಯಮ್ಮ ನಿನ್ನ ತಲೆ ಕಾಯಲಿ.

ನಿನ್ನ,
ಕ್ಲೆಟಸ್ ಬಾಪ್ಪು

ಮತ್ತೆ: ಹರಿನಾಥನ ಕಾರು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದೆ. ನೀನು ಲೆಕ್ಕದಲ್ಲಿ ಜಾಣ. ಎರಡು ಮಾರು ಎಂದರೆ ನಾಲ್ಕು ಮೀಟರಿಗೂ ಕಡಿಮೆ, ಅಷ್ಟು ಕಳೆದರೂ ಸ್ಯಾಂಡ್ರಾಳ ಕಾಲು ನೆಲ ಮುಟ್ಟಿ ಹಗ್ಗ ಉಳಿಯುತ್ತದೆ ಎಂದು ನಿನಗೆ ಕೂಡಲೇ ಗೊತ್ತಾಗುತ್ತದೆ, ಮತ್ತೆ ತಪ್ಪು ಉಜ್ವಲನ ತಲೆಗೇ ಬರುತ್ತದೆ. ಈಗಷ್ಟೇ ಗೋಣಿ ಬಿಚ್ಚಿ ಹಗ್ಗವನ್ನು ಸ್ಯಾಂಡ್ರಾಳ ಮಂಚದ ಮೇಲೆ ಹಾಕಿ ಬಂದೆ. ಅವಳು ಅಳೆಯುತ್ತಿದ್ದಾಳೆ. ಈ ಕಾಗದ ಓದಿದ ಕೂಡಲೇ ಉಜ್ವಲನಿಗೆ ಫೋನು ಮಾಡು. ಆ ಹಲಸಿನ ಮರ ಎತ್ತರದ್ದು ಮಗಾ. ನಾನು ಕತ್ತರಿಸಿದ್ದು ಎಂಟು ಮಾರು.