ಬಣ್ಣ ಕಳೆದುಕೊಂಡ ನೀರು

೧೪ ಮಾರ್ಚ್, ಗುರುವಾರ

ಕಣ್ಣು ಮುಚ್ಚಿದರೆ ಆ ಗಾಜಿನ ಕೊಳವೆಯೇ ಕಾಣುತ್ತದೆ. ಅಕ್ಕನ ಹಿತ್ತಲಿನ ಸೀಬೆ ಎಲೆ ಕುದಿಸಿ, ಬೆಳ್ಳಿಯ ಲವಣ ಬೆರೆಸಿ ನಾನು ಮಾಡುವ ಬೆಳ್ಳಿ ನ್ಯಾನೋಕಣಗಳ ದ್ರಾವಣ ಕಂದು ಬಣ್ಣದ್ದು. ನೀರಿನಲ್ಲಿ ನರಗಳನ್ನು ಕೆಡಿಸುವ ಪಾದರಸವಿದ್ದರೆ ಆ ಬಣ್ಣ ಹೋಗುತ್ತದೆ. ಇವತ್ತು ಅಕ್ಕನ ಬಾವಿ ನೀರನ್ನೇ ಹಾಕಿದೆ. ಎರಡೇ ನಿಮಿಷ, ಬಣ್ಣ ಹೇಳಹೆಸರಿಲ್ಲದಂತಾಯಿತು.

ಮೂರು ತಿಂಗಳ ಹಿಂದೆ ಇದೇ ಬಾವಿ ನೀರು ಹಾಕಿದಾಗಲೂ ಹೀಗೇ ಆಗಿತ್ತು. ಕೊಳವೆಯಲ್ಲಿ ಆಸಿಡ್ ಉಳಿದಿದೆ, ಬಣ್ಣ ಹೋಗಿದ್ದು ಅದರಿಂದಲೇ ಅಂತ ನಿವೃತ್ತಿಗೆ ಬಂದಿರುವ ಲ್ಯಾಬಿನ ಅಟೆಂಡರ್ ಮೇಲೆ ಹರಿಹಾಯ್ದಿದ್ದೆ.

"ಮೂರು ಸಲ ತೊಳೆದಿದ್ದೀನಮ್ಮಾ" ಅಂದರು. ಕಿವಿಗೆ ಹಾಕಿಕೊಳ್ಳಲಿಲ್ಲ. ಮತ್ತೊಮ್ಮೆ ಪರೀಕ್ಷಿಸುವ ತಾಳ್ಮೆಯೂ ಇರಲಿಲ್ಲ ನನಗೆ, ದೊಡ್ಡ ವಿಜ್ಞಾನಿ! ಅಕ್ಕನಿಗೆ ಫೋನ್ ಮಾಡಿ, ನೀರು ಚೆನ್ನಾಗಿದೆ, ಕುಡಿ ಅಂದುಬಿಟ್ಟೆ.

ಎರಡೂ ಸಲದ ಬಾಟಲಿಗಳು ಈಗ ನನ್ನ ಮೇಜಿನ ಮೇಲಿವೆ. ಅವುಗಳ ಮೇಲಿನ ಚೀಟಿ ಬರೆದವಳು ಅಕ್ಕನೇ. ಹಳೆಯದರ ಮೇಲೆ ಮುತ್ತು ಪೋಣಿಸಿದಂಥ ಅಕ್ಷರ. ಇವತ್ತಿನದರಲ್ಲಿ ಒಂದು ಅಕ್ಷರವೂ ನೆಟ್ಟಗಿಲ್ಲ.

ಸಂಜೆ ಫೋನ್ ಮಾಡಿದೆ. ಬಾವಿ ನೀರು ಮುಟ್ಟಬೇಡ ಅನ್ನುವ ಮೊದಲೇ, ಕೈ ನಡುಗುತ್ತಾ ಅಂತ ಕೇಳಿದೆ.

ಅಕ್ಕ ನಕ್ಕಳು. "ಹೂಂ ಕಣೇ, ಒಂದು ತಿಂಗಳಾಯ್ತು. ನಿಶ್ಶಕ್ತಿ ಇರಬೇಕು ಅಂತ ನೀರು ಜಾಸ್ತಿ ಕುಡೀತಿದ್ದೀನಿ. ಚೆನ್ನಾಗಿದೆ ಅಂತ ನೀನೇ ಹೇಳಿದ್ಯಲ್ಲ."