ಕಿಟಕಿಯಾಚೆಯ ಪ್ರಾರ್ಥನೆ

ಮಿಯಾಗಾವ್, ಇಲೊಯ್ಲೊ
ಅಕ್ಟೋಬರ್ ೯, ಗುರುವಾರ ಮಧ್ಯಾಹ್ನ

ಪೂಜ್ಯಳೂ ಪರಮಪವಿತ್ರಳೂ ಆದ, ಚಿಕ್ಕಂದಿನಲ್ಲಿ ನನ್ನ ಅಂಗಿಗೇ ಮೂಗು ಒರೆಸುತ್ತಿದ್ದ ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಇಳಿಯಿತೇ? ಕಲ್ಲುನೆಲದ ಮೇಲೆ ದಿನಾ ಮಂಡಿಯೂರಿದರೆ ಸ್ವರ್ಗ ಹತ್ತಿರವಾಗಬಹುದು, ಮಂಡಿ ಮಾತ್ರ ಕೈಬಿಡುತ್ತದೆ ಎಂದು ಅಮ್ಮ ಗೊಣಗುತ್ತಾಳೆ. ನಿಮ್ಮ ಕನ್ಯಾಮಠದಲ್ಲಿ ಫೋನು ನಿಷಿದ್ಧವಾದ್ದರಿಂದ ಈ ಕಾಗದ. ಅಕ್ಷರ ವಕ್ರವಾಗಿದ್ದರೆ ನಿದ್ದೆಗೆ ಬೈಯಿ, ನನಗಲ್ಲ.

ನಮ್ಮ ಓಣಿಯ ಟಿ.ವಿ. ರಿಪೇರಿಯ ಲೋಲೊ ಪ್ಲಾಸಿದೊ ಸೋಮವಾರ ತೀರಿಕೊಂಡರು. ಹೆಂಡತಿ ಮಕ್ಕಳಿಲ್ಲದಿದ್ದರೂ ಓಣಿಗೆಲ್ಲ ಲೋಲೊ, ಅಂದರೆ ಅಜ್ಜ. ಕೊನೆಯ ವಾರಗಳಲ್ಲಿ ಗಂಜಿ ಕುಡಿಸುತ್ತಿದ್ದವನು ನಾನು, ಹಾಗಾಗಿ ಶವ ಕಾಯುವ ಹೊಣೆಯೂ ನನ್ನದೇ. ಸತ್ತವರನ್ನು ಒಂಟಿಯಾಗಿ ಬಿಡಬಾರದು, ಸರಿ. ಆದರೆ ಮಣ್ಣಾಗುವವರೆಗೆ ಮನೆಯ ಕಸವನ್ನೂ ಗುಡಿಸಬಾರದು ಎಂದು ಯಾವ ಸೋಮಾರಿ ಶಾಸ್ತ್ರ ಬರೆದನೋ! ಶವದ ಜಾಗರಣೆಗೆಂದು ಇಸ್ಪೀಟು ಆಡಲು ಬಂದವರು ತಿಂದೆಸೆದ ಕಡಲೆಕಾಯಿ ಸಿಪ್ಪೆಯ ಗುಡ್ಡದ ಮೇಲೆ ರಾಜ್ಯಪಾಲನ ಗಾಂಭೀರ್ಯದಿಂದ ಕುಳಿತಿದ್ದೇನೆ. ಕಣ್ಣಿಗೆ ಮರಳು ಹಾಕಿದಂತಿದೆ. ಕಾಫಿ ಕುಡಿದೂ ಕುಡಿದೂ ನಾಲಿಗೆ ಹಳೇ ಚಪ್ಪಲಿಯಂತಾಗಿದೆ.

ದಣಿವಿಗೆ ಇದಿಷ್ಟೇ ಕಾರಣವಲ್ಲ. ಚರ್ಚಿನ ಮೆಟ್ಟಿಲು ಹತ್ತದ ಆ ಹಠಮಾರಿ, "ನನ್ನ ಮನೇಲಿ ಒಂದು ಜಪಮಣೀನೂ ಅಲ್ಲಾಡಬಾರ್ದು, ಮಾತು ಕೊಡು" ಅಂದಿದ್ದರು. ಕೊಟ್ಟುಬಿಟ್ಟೆ. ಮಂಗಳವಾರ, ಊರಿನ ಎಲ್ಲ ಸಾವಿಗೂ ಪ್ರಾರ್ಥನೆ ಹೇಳುವ, ಊರಿಗೆಲ್ಲ ಹಿರಿಯಕ್ಕನಾದ ಮನಾಂಗ್ ಸೆಪಾ ಬಾಗಿಲಿಗೆ ಬಂದು ನಿಂತಳು.

"ದಾರಿ ಬಿಡೋ ಕತ್ತೆ! ಪ್ರಾರ್ಥನೆ ಇಲ್ದೆ ಮಣ್ಣಿಗೆ ಹಾಕೋಕೆ ಅವರೇನು ಸತ್ತ ಬೆಕ್ಕಾ?"

"ಮನಾಂಗ್, ಇದು ಮೃತರ ಆಜ್ಞೆ."

"ಬದುಕಿದ್ದಾಗ್ಲೇ ಬುದ್ಧಿ ಇರ್ಲಿಲ್ಲ, ಸತ್ತ ಮೇಲೆ ಆಜ್ಞೆಯಂತೆ!"

ನಾನು ದ್ವಾರಪಾಲಕನ ಹಾಗೆ ಎರಡೂ ಕೈ ಚಾಚಿ ಅಡ್ಡ ನಿಂತೆ. ನಿನ್ನೆ ಮತ್ತೆ ಬಂದಳು, ಮತ್ತೆ ಜಗಳ. ಬೈಯುತ್ತ ಬೈಯುತ್ತಲೇ ಬಾಗಿಲ ಚೌಕಟ್ಟಿಗೆ ಒರಗಿಕೊಂಡಳು. ಆಗ ನನಗೆ ಆ ಧಾರಾವಾಹಿ ನೆನಪಾಯಿತು. ಲೋಲೊ ಟಿ.ವಿ.ಯನ್ನು ಓಣಿಯ ಕಡೆ ತಿರುಗಿಸಿ ಕಿಟಕಿಯಲ್ಲಿಡುತ್ತಿದ್ದರು, ನಾವು ಹೊರಗಿನ ಬೆಂಚಿನ ಮೇಲೆ ಕಚ್ಚಾಡುತ್ತಾ ನೋಡುತ್ತಿದ್ದೆವು. ನದಿಯ ಮೇಲೆ ಓಡಾಡುವ ಆಸ್ಪತ್ರೆ ದೋಣಿ, ಅದರಲ್ಲೊಬ್ಬ ಬೋಳುತಲೆಯ ವೈದ್ಯ. ದರೋಡೆಕೋರ ಬರಲಿ, ಜಮೀನ್ದಾರ ಬರಲಿ, ಅವನು ಮೊದಲು ಕೇಳುತ್ತಿದ್ದುದು "ಎಲ್ಲಿ ನೋವು?" ಅಂತ. ಕಳ್ಳನಿಗೇಕೆ ಔಷಧಿ ಎಂದು ನೀನು ಕೂಗಾಡಿದ್ದಕ್ಕೆ ಲೋಲೊ ಒಳಗಿನಿಂದಲೇ, "ರಕ್ತ ಸುರೀತಿರೋವಾಗ ಊರು ಕೇರಿ ಕೇಳ್ತಾರೇನೇ ಹುಡುಗಿ?" ಅಂದಿದ್ದರು. ಅದೇ ಬೆಂಚಿನಿಂದೆದ್ದು ನೀನು ಮಠ ಸೇರಿದೆ, ನಾನು ನಾಸ್ತಿಕನ ಬಾಗಿಲು ಕಾಯುತ್ತಿದ್ದೇನೆ. ಪಾಪ, ಆ ವೈದ್ಯ ನಮ್ಮಿಬ್ಬರಲ್ಲಿ ಯಾರನ್ನು ತನ್ನ ಶಿಷ್ಯರೆನ್ನಬೇಕು?

ಕೈ ಇಳಿಸಿ ಕೇಳಿದೆ: "ಮನಾಂಗ್, ಎಲ್ಲಿ ನೋವು?"

ಬೈಯುತ್ತಾಳೆ ಅಂದುಕೊಂಡೆ. ಹೊಸ್ತಿಲ ಮೇಲೆ ಕುಸಿದು ಕುಳಿತಳು. "ಮದುವೆ ಆಗೋಣ ಅಂದಿದ್ರು ಕಣೋ. ಚರ್ಚಲ್ಲಾದ್ರೆ ಸರಿ ಅಂದೆ ನಾನು. ಅವರು ಒಳಗೆ ಬರ್ಲಿಲ್ಲ, ನಾನು ಹೊರಗೆ ಹೋಗ್ಲಿಲ್ಲ. ಈಗ್ಲೂ ನೀನು ಅಡ್ಡ ನಿಂತಿದ್ದೀಯ." ಇಷ್ಟು ವರ್ಷ ಅವಳನ್ನು ಜಪದ ಯಂತ್ರವೆಂದು ಅಣಕಿಸಿದವನು ನಾನು.

ಕೊಟ್ಟ ಮಾತು ಮನೆಯೊಳಗಿನದು. ಓಣಿ ಅವರಪ್ಪನದಲ್ಲವಲ್ಲ! ಶವಪೆಟ್ಟಿಗೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆ. ಅವಳು ಹೊರಗೆ ಬೆಂಚಿನ ಮೇಲೆ ಕುಳಿತು ಜಪಮಾಲೆ ತೆಗೆದಳು. ಒಳಗೆ ಒಂದು ಮಣಿಯೂ ಅಲ್ಲಾಡಲಿಲ್ಲ. ಇಸ್ಪೀಟಿನವರು ಕೂಡ ಎಲೆ ಕೆಳಗಿಟ್ಟರು.

ನಾಳೆ ಮಣ್ಣು. ಆಮೇಲೆ ಎರಡು ದಿನ ಮಲಗುತ್ತೇನೆ, ಯಾವ ಸಂತ ಬಂದು ಕರೆದರೂ ಏಳುವುದಿಲ್ಲ. ಅಮ್ಮನ ಆಶೀರ್ವಾದಗಳು. ನಿಮ್ಮ ಮಠಾಧಿಕಾರಿಣಿಗೆ ನನ್ನ ಭಯಭಕ್ತಿಪೂರ್ವಕ ನಮಸ್ಕಾರ.

ನಿದ್ರಾಹೀನನೂ ನಿನ್ನವನೂ ಆದ ತಮ್ಮ,
ಎಲ್ಪಿದ್ಯೊ

ತಾ.ಕ.: ಅಂಚೆಯವನು ಬಾಗಿಲಲ್ಲೇ ಇದ್ದಾನೆ. ಬೇಡವೆಂದವನಿಗಾಗಿ ಪ್ರಾರ್ಥಿಸಿದ್ದು ಪಾಪವೇ ಎಂದು ಸೆಪಾ ನಿನ್ನೆಯಿಂದ ಹೆದರಿ ಊಟ ಬಿಟ್ಟಿದ್ದಳು. ನೀನು ತಕ್ಷಣ ಅವಳಿಗೇ ಬರೆ. ಪಾಪವಲ್ಲ ಎಂದೇ ಬರೆ, ಏಕೆಂದರೆ ನೀನು ಹಾಗೆ ಹೇಳಿ ಕಳಿಸಿದ್ದೀಯೆಂದು ಇವತ್ತು ಬೆಳಿಗ್ಗೆ ಅವಳಿಗೆ ಹೇಳಿಬಿಟ್ಟೆ. ಆಮೇಲೇ ಅವಳು ಗಂಜಿ ಕುಡಿದದ್ದು. ಅಕ್ಕಾ, ಈ ಸಲ ತಮಾಷೆಯಲ್ಲ.